ಒಬ್ಬರ ಕಷ್ಟಕ್ಕೆ ಹಲವು ಕಚೇರಿ: ಜಂಟಿ ಸಭೆ ನಡೆಸುವುದು ಹೇಗೆ?

ಮನೆಯಿಲ್ಲ, ಕುಡಿತ ಬಿಟ್ಟಿಲ್ಲ, ಮನಸ್ಸಿನ ಕಾಯಿಲೆ ಬೇರೆ, ಆಧಾರ್ ಕಳೆದಿದೆ. ಕೋಲಾರದ ಬಸ್ ನಿಲ್ದಾಣದಲ್ಲಿ ಮಲಗುವ ಇಂಥವರ ಒಂದೊಂದು ಸಂಕಟ ಒಂದೊಂದು ಕಚೇರಿಗೆ ಗೊತ್ತಿರುತ್ತದೆ, ಪೂರ್ತಿ ಯಾರಿಗೂ ಗೊತ್ತಿರುವುದಿಲ್ಲ. ತಿಂಗಳಿಗೊಮ್ಮೆ ಎಲ್ಲರೂ ಒಟ್ಟಿಗೆ ಕೂರಬೇಕು.

ಹತ್ತು ಜನ, ಒಂದೂವರೆ ಗಂಟೆ, ಎರಡೇ ಪ್ರಕರಣ ಸಾಕು. ಮೂರನೆಯದು ಸೇರಿದರೆ ಯಾವುದೂ ಆಳಕ್ಕಿಳಿಯದು. ಮೇಲಧಿಕಾರಿಗಳಿಗಿಂತ ಆಶಾ ಕಾರ್ಯಕರ್ತೆ, ಆಪ್ತಸಮಾಲೋಚಕರು, ಬೀಟ್ ಪೊಲೀಸರು, ಸಖಿ (ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ) ಕೇಂದ್ರದವರು ಬರಲಿ. ಇಂಥ ಬದುಕು ಕಂಡ ಇಬ್ಬರನ್ನೂ ಕರೆಯಿರಿ. ಅವರಿಗೆ ಆ ದಿನದ ಕೂಲಿ ಕೊಡಲೇಬೇಕು.

ಯಾರ ಪ್ರಕರಣ ಚರ್ಚೆಗೆ ಬರುತ್ತದೋ ಆ ವ್ಯಕ್ತಿಯ ಒಪ್ಪಿಗೆ ವಾರ ಮೊದಲೇ ಪಡೆಯಿರಿ. ಸಭೆಯಲ್ಲಿ ಹೆಸರು, ಊರು ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೋಪ್ಯತೆಯ ಹಕ್ಕು ಕೊಟ್ಟಿದೆ.

ಗೋಡೆಗೆ ಚಾರ್ಟ್ ಅಂಟಿಸಿ ಕಳೆದ ಆರು ತಿಂಗಳನ್ನು ತೋರಿಸುವ ಗೆರೆ ಎಳೆಯಿರಿ. ಆ ವ್ಯಕ್ತಿ ಯಾವ ದಿನ ಬಂದರು, ಏನು ಕೇಳಿದರು, ಏನು ಸಿಕ್ಕಿತು ಎಂಬುದನ್ನು ಪ್ರತಿ ಕಚೇರಿಯವರೂ ಬರೆಯಲಿ. ಸಭೆ ಕೆಡುವುದು ಇಲ್ಲೇ: "ಅವರು ಸಹಕರಿಸಲ್ಲ" ಎಂದು ಬರೆದುಬಿಡುತ್ತಾರೆ. ಅದನ್ನು ಅಳಿಸಿ, ನಡೆದದ್ದನ್ನು ಬರೆಸಿ: "ಎರಡು ಸಲ ಬಂದರು, ಕುಡಿದಿದ್ದರೆಂದು ವಾಪಸ್ ಕಳಿಸಿದೆವು." ಆಗ ಬದಲಾಗಬೇಕಾದ ನಿಯಮ ಕಾಣುತ್ತದೆ.

ಕಾನೂನನ್ನೂ ಜೊತೆಗೇ ಓದಿ. ಅದೇ ಕಾಯ್ದೆಯ 100ನೇ ಕಲಂ ಪ್ರಕಾರ, ಮಾನಸಿಕ ಅಸ್ವಸ್ಥರೆನ್ನಿಸಿದ ನಿರ್ಗತಿಕರನ್ನು ರಕ್ಷಣೆಗೆ ಪಡೆದ ಪೊಲೀಸರು 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ತಪಾಸಣೆಗೆ ಒಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ.

ಪ್ರಕರಣಕ್ಕೊಂದು ಕೆಲಸ, ಅದಕ್ಕೊಬ್ಬ ಹೊಣೆಗಾರ, ಒಂದು ತಾರೀಖು ಎಂದು ಕೊನೆಗೆ ಕಾಗದದಲ್ಲಿ ಬರೆದುಕೊಳ್ಳಿ. ಮುಂದಿನ ಸಭೆ ಆ ಕಾಗದದಿಂದಲೇ ಶುರುವಾಗಲಿ.