ಕತ್ತರಿಗೆ ಬಗ್ಗುವ ಗಿಡವೇ ನನಗೆ ಬೇಕಿತ್ತು

ಹಣ್ಣಿನ ಗಿಡ ಅಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಆಪೂಸು ಮಾವು. ಪುಣೆಯ ಕೋಥ್ರೂಡಿನಲ್ಲಿ ಸ್ವಂತ ಅಂಗಳ ಸಿಕ್ಕಾಗ ನಾನು ಬೇರೆ ಲೆಕ್ಕ ಹಾಕಿದೆ. ವರ್ಷಾ ವರ್ಷಾ ಕತ್ತರಿಸಿದರೂ ಹಣ್ಣು ಕೊಡುವ ಗಿಡ ಯಾವುದು? ನಮ್ಮದು ಮನೆಗೂ ಕಂಪೌಂಡಿಗೂ ನಡುವಿನ ಒಂದು ಪಟ್ಟಿ ಮಣ್ಣು. ಕೈಗೆ ಎಟುಕದ ಎತ್ತರಕ್ಕೆ ಹೋದರೆ ಹಣ್ಣು ಬಾವಲಿಗೆ, ಎಲೆ ಪಕ್ಕದ ಮನೆಗೆ.

ಪೇರಲ, ಅಂಜೂರ, ಸೀತಾಫಲ ಹೆಚ್ಚಾಗಿ ಹೊಸ ಚಿಗುರಿನಲ್ಲೇ ಕಾಯಿ ಹಿಡಿಯುತ್ತವೆ. ಕತ್ತರಿಸಿದಷ್ಟೂ ಚಿಗುರುತ್ತವೆ. ಹಾಗಾಗಿ ಈ ಮೂರನ್ನೇ ತಂದೆ.

ಪೇರಲದಲ್ಲಿ ಸರದಾರ್ ತಳಿ. ಲಖನೌ-49 ಅಂತಲೂ ಹೇಳುತ್ತಾರೆ, ಆದರೆ 1927ರಲ್ಲಿ ಅದನ್ನು ಆರಿಸಿ ತೆಗೆದದ್ದು ಇಲ್ಲೇ ಗಣೇಶಖಿಂಡದ ತೋಟದಲ್ಲಿ. ಸಸಿ ಸೊಂಟದ ಎತ್ತರ ದಾಟಿದಾಗ ತುದಿ ತೆಗೆದೆ. ಬೇರೆ ಬೇರೆ ದಿಕ್ಕಿಗೆ ಹೊರಟ ಮೂರ್ನಾಲ್ಕು ಟೊಂಗೆ ಬಿಟ್ಟು ಉಳಿದದ್ದು ಸವರಿದೆ. ಈಗ ಪ್ರತಿ ಮೇ ತಿಂಗಳು ಹಿಂದಿನ ವರ್ಷದ ಬೆಳವಣಿಗೆಯಲ್ಲಿ ಅರ್ಧ ಕತ್ತರಿಸುತ್ತೇನೆ, ಹೂವಿದ್ದರೂ ಸರಿ. ಆ ಹೂವು ಕಾಯಾಗಿ ಹಣ್ಣಾಗುವುದು ಮಳೆಗಾಲದಲ್ಲಿ. ಮಳೆಗಾಲದ ಪೇರಲ ಸಪ್ಪೆ, ಸಾಲದ್ದಕ್ಕೆ ಹಣ್ಣುನೊಣದ ಹುಳ ಬೇರೆ. ಮೇನಲ್ಲಿ ಕತ್ತರಿಸಿದರೆ ಹೊಸ ಚಿಗುರು ಮಳೆಯಲ್ಲಿ ಹೂ ಬಿಟ್ಟು, ಚಳಿಗಾಲಕ್ಕೆ ಸಿಹಿ ಹಣ್ಣು ಕೊಡುತ್ತದೆ. ಹೂವಿನ ಟೊಂಗೆ ಕೆಳಗೆ ಬಿದ್ದರೆ ನಮ್ಮ ಅತ್ತೆಗೆ ಇವತ್ತಿಗೂ ಸಂಕಟ. “ಪಾಪ ಹತ್ತೂದಿಲ್ಲೇನವಾ?” ಅಂತಾರೆ. ಡಿಸೆಂಬರಿನ ಮೊದಲ ಹಣ್ಣು ಅವರಿಗೇ ಕೊಡುತ್ತೇನೆ, ಆಗ ಮಾತಿಲ್ಲ.

ಅಂಜೂರಕ್ಕೆ ಕತ್ತರಿ ಬೀಳುವುದು ಮಳೆ ಹಿಂದೆ ಸರಿದ ಮೇಲೆ. ಬೇಸಿಗೆ ಹೊತ್ತಿಗೆ ಹಣ್ಣು ಬರುತ್ತದೆ. ಮಳೆಗಾಲದ ಅಂಜೂರ ಹುಳಿ, ನನಗೆ ಬೇಡ. ಪುಣೆ ಅಂಜೂರ ಪರಾಗಸ್ಪರ್ಶ ಇಲ್ಲದೆಯೂ ಹಣ್ಣಾಗುವುದರಿಂದ ಒಂದೇ ಗಿಡ ಸಾಕು. ಕತ್ತರಿಸುವಾಗ ಸುರಿಯುವ ಹಾಲು ಚರ್ಮಕ್ಕೆ ತಾಗಿದರೆ ಉರಿ. ಕೈಗವಸು ಹಾಕಿಕೊಳ್ಳಿ.

ಸೀತಾಫಲ ಸುಲಭ. ಎಲೆ ಉದುರಿ ಬೋಳಾದಾಗ ಒಣ ಕಡ್ಡಿ, ಒಂದಕ್ಕೊಂದು ಉಜ್ಜುವ ಟೊಂಗೆ ತೆಗೆದರಾಯಿತು.

ನಿಂಬೆಗೆ ಸುಮ್ನೆ ಕತ್ತರಿ ಆಡಿಸಬೇಡಿ. ಕಸಿ ಗಿಡವಾದರೆ ಕಸಿ ಕೂಡಿದ ಗಂಟಿನ ಕೆಳಗೆ ಬರುವ ಚಿಗುರು ಮಾತ್ರ ಕಂಡಾಗಲೆಲ್ಲ ಕಿತ್ತುಹಾಕಿ.

ಮಾವು ಬೇಕೇ ಬೇಕು ಅನ್ನುವವರಿಗೆ ನಾನು ಕೇಸರ್ ಹೇಳುತ್ತೇನೆ. ಆಪೂಸಿಗೆ ಕೊಂಕಣದ ಕಡಲ ಗಾಳಿಯೇ ಸೈ, ಅಲ್ವಾ? ಅದು ಒಂದು ವರ್ಷ ಬಿಟ್ಟರೆ ಇನ್ನೊಂದು ವರ್ಷ ಕೈ ಕೊಡುವುದೂ ಉಂಟು. ಮಾವಿನ ಹೂವು ಬಲಿತ ಚಿಗುರಿನ ತುದಿಯಲ್ಲಿ ಬರುತ್ತದೆ. ಹಣ್ಣು ಇಳಿಸಿದ ಕೂಡಲೇ ಕತ್ತರಿಸಬೇಕು. ದೀಪಾವಳಿ ಹೊತ್ತಿಗೆ ಕತ್ತರಿಸಿದರೆ ಆ ವರ್ಷದ ಹೂವಿನ ಆಸೆ ಬಿಡಿ.

ದಪ್ಪ ಟೊಂಗೆ ಕತ್ತರಿಸಿದ ಗಾಯಕ್ಕೆ ಹಚ್ಚಲು, ಶಿಲೀಂಧ್ರ ತಡೆಯುವ ಬೋರ್ಡೊ ಪೇಸ್ಟ್ ಮನೆಯಲ್ಲೇ ಮಾಡುತ್ತೇನೆ. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು. ಎರಡನ್ನೂ ಅರ್ಧರ್ಧ ನೀರಿನಲ್ಲಿ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಿ. ಪ್ಲಾಸ್ಟಿಕ್ ಬಕೆಟ್ಟೇ ಇರಲಿ, ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ.

ಇನ್ನೊಂದು ಮಾತು. ಮಹಾರಾಷ್ಟ್ರದ ನಗರಗಳಲ್ಲಿ 1975ರ ಮರ ರಕ್ಷಣೆ ಕಾಯ್ದೆ ಇದೆ. ಸ್ವಂತ ಅಂಗಳದ ಮರವಾದರೂ ಕಡಿಯಲು ಅನುಮತಿ ಬೇಕು. ದೊಡ್ಡ ಟೊಂಗೆಗೆ ಗರಗಸ ಇಡುವ ಮೊದಲೂ ಪಾಲಿಕೆಯ ಉದ್ಯಾನ ವಿಭಾಗದಲ್ಲಿ ವಿಚಾರಿಸಿ.