ಎಲ್ಮ್ ಬೋನ್ಸಾಯ್: ಗುರುತು ಹಿಡಿಯೋದು, ನೋಡಿಕೊಳ್ಳೋದು

ನರ್ಸರಿಯಲ್ಲಿ ‘ಎಲ್ಮ್’ ಅಂತ ಚೀಟಿ ಇದ್ದರೆ ಸಾಲದು, ಒಂದು ಎಲೆ ಹಿಡಿದು ತೊಟ್ಟಿನ ಹತ್ತಿರ ನೋಡಿ. ನಡುನರದ ಒಂದು ಬದಿ ಇನ್ನೊಂದಕ್ಕಿಂತ ಚೂರು ಕೆಳಗಿಳಿದಿದೆಯಾ? ಅಂಚಿನಲ್ಲಿ ಗರಗಸದಂಥ ಸಣ್ಣ ಹಲ್ಲುಗಳಿವೆಯಾ? ಹಾಗಿದ್ದರೆ ಚೈನೀಸ್ ಎಲ್ಮ್ ಇರಬಹುದು. ಬುಡ ಎರಡೂ ಕಡೆ ಸಮವಾಗಿದ್ದರೆ ಎಲ್ಮ್‌ನ ಸಂಬಂಧಿ ಜೆಲ್ಕೋವಾ ಇದ್ದೀತು. ಎಲೆ ಹೊಳೆಯುತ್ತಾ, ಮೇಲೆ ಸಣ್ಣ ಬಿಳಿ ಚುಕ್ಕೆಗಳಿದ್ದರೆ ಅದು ಫುಕಿಯನ್ ಟೀ ಅನ್ನೋ ಬೇರೆಯೇ ಗಿಡ. ನಮ್ಮ ತಪಸಿ ಮರವೂ ಎಲ್ಮ್ ಕುಟುಂಬದ್ದೇ, ಆದರೆ ಅದರ ಎಲೆಯಂಚು ನುಣುಪು.

ವಯಸ್ಸಾದ ಚೈನೀಸ್ ಎಲ್ಮ್‌ನ ತೊಗಟೆ ಚಕ್ಕೆಚಕ್ಕೆಯಾಗಿ ಉದುರಿ, ಒಳಗಿನ ಕಿತ್ತಳೆ-ಕಂದು ಬಣ್ಣ ಕಾಣುತ್ತದೆ. ನನಗೆ ಈ ಮರದಲ್ಲಿ ಎಲ್ಲಕ್ಕಿಂತ ಇಷ್ಟವಾಗೋದು ಅದೇ. ದಯವಿಟ್ಟು ಬ್ರಷ್ ಹಾಕಿ ಉಜ್ಜಬೇಡಿ.

ಇದು ಹಾಲ್‌ನಲ್ಲಿ ಟಿ.ವಿ. ಪಕ್ಕ ಇಡುವ ಗಿಡ ಅಲ್ಲ. ಬೆಂಗಳೂರಿನಲ್ಲಾದರೆ ತಾರಸಿ ಅಥವಾ ಬೆಳಗಿನ ಬಿಸಿಲು ಬೀಳುವ ಬಾಲ್ಕನಿ ಸರಿ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಮಾತ್ರ ಸ್ವಲ್ಪ ನೆರಳು ಕೊಡಿ.

ನೀರಿಗೆ ಗಡಿಯಾರ ನೋಡಬೇಡಿ. ಬೆರಳು ಅರ್ಧ ಇಂಚು ಮಣ್ಣಿಗಿಳಿಸಿ. ಒಣಗುತ್ತಾ ಬಂದಿದ್ದರೆ ತೂತಿನಿಂದ ಸೋರುವವರೆಗೂ ಹಾಕಿ, ಹಸಿ ಇದ್ದರೆ ಬಿಡಿ. ಬರೀ ಕೆಂಪು ಮಣ್ಣು ಟ್ರೇಯಲ್ಲಿ ಗಟ್ಟಿಯಾಗಿ ಬೇರು ಕೊಳೆಯುತ್ತದೆ. ಜರಡಿ ಹಿಡಿದ ಇಟ್ಟಿಗೆ ಚೂರು, ದಪ್ಪ ಮರಳು, ಸ್ವಲ್ಪ ಹಳೇ ಗೊಬ್ಬರ ಸೇರಿಸಿದರೆ ನೀರು ನಿಲ್ಲೋದಿಲ್ಲ.

ಚಿಗುರು ಕಂಡ ಕೂಡಲೇ ಕತ್ತರಿ ಹಿಡಿಯುವವರು ಜಾಸ್ತಿ. ಸ್ವಲ್ಪ ತಾಳಿ. ಆರೆಂಟು ಎಲೆ ಬರಲಿ, ಆಮೇಲೆ ಎರಡು ಅಥವಾ ಮೂರು ಎಲೆ ಉಳಿಸಿ ಕತ್ತರಿಸಿ. ಕೊನೆಗೆ ಉಳಿಯುವ ಎಲೆ ಯಾವ ಕಡೆ ಮುಖ ಮಾಡಿದೆಯೋ ಹೊಸ ರೆಂಬೆ ಸಾಮಾನ್ಯವಾಗಿ ಆ ಕಡೆಗೇ ಹೊರಡುತ್ತದೆ. ಎಲೆಯ ಕಂಕುಳಲ್ಲಿರುವ ಸಾಸಿವೆಗಿಂತ ಚಿಕ್ಕ ಮೊಗ್ಗು ನೋಡಿಕೊಂಡೇ ಕತ್ತರಿ ಇಡಿ. ರೆಂಬೆಗೆ ಆಕಾರ ಕೊಡೋಕೆ ತಂತಿ ಸುತ್ತಿದ್ದರೆ ವಾರಕ್ಕೊಮ್ಮೆ ನೋಡಿ. ಎಲ್ಮ್ ಬೇಗ ದಪ್ಪವಾಗುತ್ತದೆ, ತಂತಿ ತೊಗಟೆಗೆ ಕಚ್ಚಿಕೊಂಡರೆ ಗುರುತು ವರ್ಷಗಟ್ಟಲೆ ಹೋಗೋದಿಲ್ಲ.

ಚಳಿಯಲ್ಲಿ ಎಲೆ ಹಳದಿಯಾಗಿ ಉದುರಿದರೆ ಗಿಡ ಸತ್ತಿತು ಅಂದುಕೊಳ್ಳಬೇಡಿ. ಸಣ್ಣ ಕಡ್ಡಿಯ ತೊಗಟೆಯನ್ನು ಉಗುರಿನಿಂದ ಒಂಚೂರು ಕೆರೆಯಿರಿ. ಒಳಗೆ ಹಸಿರು ಇದ್ದರೆ ಜೀವ ಇದೆ. ಆಗ ನೀರು ಕಡಿಮೆ ಮಾಡಿ, ನಿಲ್ಲಿಸಬೇಡಿ. ಬೇಸಿಗೆಯಲ್ಲಿ ಎಲೆ ಮಂಕಾಗಿ ಧೂಳು ಕೂತ ಹಾಗೆ ಕಂಡರೆ ಅಡಿಭಾಗದಲ್ಲಿ ಕೆಂಪು ನುಸಿ ಇದೆಯಾ ನೋಡಿ. ಇದ್ದರೆ ಎಲೆಯಡಿಗೆ ಜೋರಾಗಿ ನೀರು ಚಿಮುಕಿಸಿ, ಸಂಜೆ ಬೇವಿನೆಣ್ಣೆ ಸಿಂಪಡಿಸಿ.

ಎರಡು-ಮೂರು ವರ್ಷಕ್ಕೊಮ್ಮೆ, ಹೊಸ ಚಿಗುರು ಬಿಡುವ ಮುಂಚೆ ಟ್ರೇ ಬದಲಿಸಿ. ನಮ್ಮಲ್ಲಿ ಜನವರಿ ಕೊನೆ, ಫೆಬ್ರವರಿ ಶುರು ಒಳ್ಳೇ ಸಮಯ. ಸುತ್ತಿಕೊಂಡ ಬೇರನ್ನು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ. ಆಮೇಲೆ ಎರಡು ವಾರ ನೆರಳಲ್ಲಿಡಿ, ಒಂದು ತಿಂಗಳು ಗೊಬ್ಬರ ಬೇಡ.