ಬೇಲೂರಿನ ಮದನಿಕೆಯ ಚಿತ್ರಕ್ಕೆ ಅಂಚಿನ ನೆರಳು: ಗಿಂಪ್‌ನಲ್ಲಿ ವಿನ್ಯೆಟ್

1117ರಲ್ಲಿ ಪ್ರತಿಷ್ಠಾಪನೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರು ಸೂರಿನ ಕೆಳಗೆ ಮುಂದಕ್ಕೆ ಬಾಗಿ ನಿಂತಿರುವುದರಿಂದ, ನೆಲದಿಂದ ತೆಗೆದ ಚಿತ್ರದಲ್ಲಿ ಅಂಚಿನ ಆಕಾಶದ ಬೆಳಕೇ ಮೊದಲು ಕಣ್ಣನ್ನು ಸೆಳೆದುಬಿಡುತ್ತದೆ. ಅಂಚುಗಳನ್ನು ಮೆಲ್ಲಗೆ ಮಂದಗೊಳಿಸುವ ವಿನ್ಯೆಟ್ ನೋಟವನ್ನು ಮತ್ತೆ ಶಿಲ್ಪದ ಕಡೆಗೆ ತಿರುಗಿಸುತ್ತದೆ.

ಚಿತ್ರಗಳನ್ನು ತಿದ್ದಲು ಉಚಿತವಾಗಿ ದೊರೆಯುವ ತಂತ್ರಾಂಶವಾದ ಗಿಂಪ್ 2.10ರಲ್ಲಿ ಚಿತ್ರವನ್ನು ತೆರೆದು, ಮೊದಲೇ ಕ್ರಾಪ್ ಮಾಡಿಕೊಳ್ಳಿ. ಆಮೇಲೆ ಕತ್ತರಿಸಿದರೆ ನೆರಳಿನ ಒಂದು ಬದಿಯೇ ಕಳೆದುಹೋಗುತ್ತದೆ. ಲೇಯರ್‌ನ, ಅಂದರೆ ಚಿತ್ರದ ಪದರದ, ಒಂದು ನಕಲನ್ನು ಮಾಡಿಕೊಂಡು, ಫಿಲ್ಟರ್ಸ್ ಪಟ್ಟಿಯ ಲೈಟ್ ಅಂಡ್ ಶ್ಯಾಡೋ ವಿಭಾಗದಿಂದ ವಿನ್ಯೆಟ್ ಆರಿಸಿ.

ರೇಡಿಯಸ್ ಹೆಚ್ಚಿಸಿದಷ್ಟೂ ನೆರಳು ಹೊರಕ್ಕೆ ಸರಿಯುತ್ತದೆ, ಸಾಫ್ಟ್‌ನೆಸ್ ಹೆಚ್ಚಿಸಿದಷ್ಟೂ ಬೆಳಕಿನಿಂದ ಕತ್ತಲಿಗೆ ಹೋಗುವ ದಾರಿ ನಯವಾಗುತ್ತದೆ. ಹಲವರು ಮರೆಯುವುದು ಸೆಂಟರ್ ಎಕ್ಸ್ ಮತ್ತು ಸೆಂಟರ್ ವೈ ಎಂಬ ಎರಡು ಅಳತೆಗಳನ್ನು: 0.5 ಎಂದರೆ ಚಿತ್ರದ ನಡುವು. ಮದನಿಕೆ ಎಡಬದಿಗಿದ್ದರೆ ಎಕ್ಸ್ ಅನ್ನು 0.5ಕ್ಕಿಂತ ಕಡಿಮೆ ಮಾಡಿ, ಬೆಳಕಿನ ವೃತ್ತದ ಕೇಂದ್ರವನ್ನು ಅವಳ ಮುಖದ ಮೇಲೆ ತನ್ನಿ. ಬಣ್ಣಕ್ಕೆ ಅಚ್ಚ ಕಪ್ಪನ್ನು ನಾನು ಬಳಸುವುದಿಲ್ಲ. ಬಳಪದ ಕಲ್ಲಿನ ಮೃದುತ್ವಕ್ಕೆ ಅದು ಒರಟು, ಚಿತ್ರದ ನೆರಳಿನಿಂದಲೇ ಆರಿಸಿಕೊಂಡ ಗಾಢ ಕಂದು ಹೆಚ್ಚು ಒಪ್ಪುತ್ತದೆ.

ನೆರಳು ಅತಿಯಾಯಿತೆನಿಸಿದರೆ ಮೇಲಿನ ಲೇಯರ್‌ನ ಅಪಾಸಿಟಿಯನ್ನು (ಅಪಾರದರ್ಶಕತೆಯನ್ನು) ತಗ್ಗಿಸಿ. ಮುಳ್ಳಯ್ಯನಗಿರಿಯ ಮಂಜಿನ ಚಿತ್ರಗಳಿಗೆ ಮಾತ್ರ ಈ ಪರಿಣಾಮ ಬೇಡವೆಂದೇ ನನ್ನ ಸಲಹೆ, ಏಕೆಂದರೆ ಅಲ್ಲಿ ಮೂಲೆಗಳ ಬೂದುಬಣ್ಣ ಮಂಜನ್ನು ಹೊಗೆಯಂತೆ ಕಾಣಿಸುತ್ತದೆ. ಕೊನೆಯಲ್ಲಿ ಲೇಯರ್‌ಗಳು ಉಳಿಯುವಂತೆ ಗಿಂಪ್‌ನದೇ ರೂಪವಾದ ಎಕ್ಸ್‌ಸಿಎಫ್ ಕಡತವಾಗಿ ಉಳಿಸಿ, ಹಂಚಿಕೊಳ್ಳಲು ಜೆಪೆಗ್ ಪ್ರತಿಯನ್ನು ಬೇರೆಯಾಗಿ ಎಕ್ಸ್‌ಪೋರ್ಟ್ ಮಾಡಿ.